ಪದಚ್ಛೇದದ ಪ್ರಾಮಾಣಿಕತೆ

ಅಂಕಲಿಯ ಬೀದಿಯಲ್ಲಿ "ಅಕ್ಕಾ" ಎಂಬ ಕರೆಯನ್ನಷ್ಟೇ ಕೇಳಿ, ಕರೆದವರು ಕನ್ನಡಿಗರೋ ಮರಾಠಿಗರೋ ಎಂದು ನಿರ್ಣಯಿಸಲಾಗದು. ಹಿಂದುಮುಂದಿನ ಮಾತು ಬೇಕು. ಈಜಿಪ್ತಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದೊಳಗೆ ಭಾರತೀಯ ಪಾತ್ರಗಳಾಡುವ ಅರ್ಥವಾಗದ ಮಾತುಗಳಿಗೂ ಇದೇ ನ್ಯಾಯ. ಅವು ಕನ್ನಡವೆಂದು 1904ರಲ್ಲಿ ಹುಲ್ಟ್ಷ್ ಪಂಡಿತರು ಊಹಿಸಿದರು; ಶಾಮಶಾಸ್ತ್ರಿಗಳು ಸಮರ್ಥಿಸಿದರು; 1926ರಲ್ಲಿ ಬಾರ್ನೆಟ್ಟರು ಅಲ್ಲಗಳೆದರು. ಮೊದಲಿನ ಪಕ್ಷವು ಕನ್ನಡಿಗರಿಗೆ ಪ್ರಿಯವಾದುದು ಸಹಜವೇ. ಆದರೆ ಆ ಕಾಲದ ಗ್ರೀಕ್ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ. ಮನಬಂದಲ್ಲಿ ಕಡಿದರೆ ಯಾವ ಭಾಷೆಯಾದರೂ ಹೊರಟೀತು! ವೇದಕ್ಕೆ ಪದಪಾಠ ರಚಿಸಿದವರಿಗೆ ಭಾಷೆ ತಿಳಿದಿತ್ತು. ಇಲ್ಲಿ ಸಿದ್ಧವಾಗಬೇಕಾದುದೇ ಅದು. ಅಕ್ಷರಗುಚ್ಛವೊಂದು ಎಲ್ಲೆಲ್ಲಿ ಮರಳಿ ಬರುತ್ತದೆ, ಯಾವುದರ ಹಿಂದೆ ನಿಲ್ಲುತ್ತದೆಯೆಂಬುದನ್ನು ಮೊದಲು ಎಣಿಸಿ, ಒಂದೆಡೆ ಕಡಿದಂತೆಯೇ ಎಲ್ಲೆಡೆಯೂ ಕಡಿಯಬೇಕು. ಆಗ ಕನ್ನಡವು ಉಳಿಯದಿದ್ದರೆ ಹಾಗೆಂದೇ ಬರೆಯಬೇಕು. ಐರಾವತಂ ಮಹಾದೇವನ್ ಅವರು 1977ರಲ್ಲಿ ಸಿಂಧೂ ಮುದ್ರೆಗಳ ಚಿಹ್ನೆಗಳಿಗೆ ಇಂಥದೇ ಸ್ಥಾನಸೂಚಿಯನ್ನು ಪ್ರಕಟಿಸಿದರು. ಅದರಲ್ಲಿ ಅರ್ಥವನ್ನು ಸೇರಿಸಲಿಲ್ಲ.