ಗವಾ ಕಾಣದಿದ್ದರೂ ಪೂರ್ತಿ ಬಾಡಿಗೆಯೇ?



ಸುಗ್ಗಿ ಮುಗಿದು ಪರೀಕ್ಷೆಗಳೂ ಮುಗಿದವೆಂದರೆ ನಮ್ಮ ಯುವಜನರ ಸಭೆಯಲ್ಲಿ ಮೊದಲು ಏಳುವ ಮಾತು ಪ್ರವಾಸದ್ದು. ಮೊದಲೆಲ್ಲ ಒಂದು ಬಸ್ಸು, ಐವತ್ತು ಜನ, ಒಂದು ದೊಡ್ಡ ಪಾತ್ರೆ ಪುಲಾವು ಇದ್ದರೆ ಪ್ರವಾಸ ಆಗಿಹೋಗುತ್ತಿತ್ತು. ಈಗ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಎಲ್ಲ ಕಡೆಯೂ ಹೊಸ ರೂಢಿ ಬಂದಿದೆ. ಆರೇಳು ಜನ ಸೇರಿ ಒಂದು ಗಾಡಿ ಬಾಡಿಗೆಗೆ ಹಿಡಿಯುವುದು, ಕಾಡು ಬಲ್ಲ ಒಬ್ಬ ಗೈಡನ್ನು ಜೊತೆಗೆ ಕರೆದುಕೊಳ್ಳುವುದು, ನಸುಕಿನಲ್ಲಿ ಹೊರಟು ಬೆಟ್ಟದ ತುದಿಗಳನ್ನೂ ಕಾಡುಪ್ರಾಣಿಗಳನ್ನೂ ನೋಡಿಕೊಂಡು ರಾತ್ರಿ ಊಟದ ಹೊತ್ತಿಗೆ ಮನೆ ಸೇರುವುದು. ಈ ರೂಢಿ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಅದರೊಳಗೆ ಅಡಗಿರುವ ಒಂದು ಪ್ರಶ್ನೆಯನ್ನು ಮಾತ್ರ ನಿಮ್ಮ ಮುಂದಿಡುತ್ತೇವೆ. ಇಂಥ ದಿನಕ್ಕೆ ನಾವು ಕೊಡುವ ಹಣ ಯಾವುದರ ಬೆಲೆ? ಹಣ ಕೊಟ್ಟವನಿಗೆ ಪ್ರಾಣಿಯನ್ನು ನೋಡುವ ಹಕ್ಕು ಬರುತ್ತದೆಯೇ?

ನಮ್ಮ ಭಾಗದವರಿಗೆ ಈ ಪ್ರಶ್ನೆ ದೂರದ್ದಲ್ಲ. ರಾಧಾನಗರಿ ವನ್ಯಜೀವಿಧಾಮ ನಮ್ಮ ಜಿಲ್ಲೆಯಲ್ಲೇ ಇದೆ. 351 ಚದರ ಕಿಲೋಮೀಟರಿನಷ್ಟು ಹರಡಿರುವ ಈ ಕಾಡು 2012ರಲ್ಲಿ ಪಶ್ಚಿಮ ಘಟ್ಟಗಳ ಇತರ ತಾಣಗಳೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜನರ ಬಾಯಲ್ಲಿ ಅದು ಇಂದಿಗೂ 'ದಾಜೀಪುರ', ಅಲ್ಲಿಗೆ ಹೋಗುವುದೆಂದರೆ 'ಗವಾ ನೋಡಲು' ಹೋಗುವುದು. ಮರಾಠಿಯ ಗವಾ, ಕನ್ನಡದ ಕಾಡುಕೋಣ ಅಥವಾ ಕಾಟಿ, ಕೊಂಕಣಿಯ ಗವೊರೆಡೊ, ಎಲ್ಲವೂ ಒಂದೇ ಪ್ರಾಣಿ. ಇಂಗ್ಲಿಷ್ ಬಲ್ಲವರು ಬೈಸನ್ ಎನ್ನುತ್ತಾರೆ. ಆದರೆ ಜೀವಶಾಸ್ತ್ರದ ಪ್ರಕಾರ ಇದು ಬೈಸನ್ ಅಲ್ಲ, ನಮ್ಮ ಮನೆಯ ದನಗಳ ಹತ್ತಿರದ ಬಂಧು. ಬೆಳೆದ ಗಂಡು ಸಾವಿರ ಕಿಲೋ ತೂಗಬಹುದು. ಅಷ್ಟು ದೊಡ್ಡ ಮೈಯಿದ್ದರೂ ಸ್ವಭಾವ ಸಂಕೋಚದ್ದು. ಮನುಷ್ಯರ ವಾಸನೆ ಬಡಿದರೆ ಸಾಕು, ಮೇಯುವುದನ್ನು ಬಿಟ್ಟು ಪೊದೆಯೊಳಗೆ ಮರೆಯಾಗುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮ ಮೂರೂ ಊರುಗಳಿಂದ ಏಳು ಜನ ಹೀಗೆಯೇ ಹೋಗಿದ್ದೆವು. ಗೈಡ್ ಆಗಿ ಬಂದವರು ಕಾಡಂಚಿನ ಹಳ್ಳಿಯ ಒಬ್ಬ ಕಾಕಾ. ಸಾವರಾಯಿ ಸಡಾ ತೋರಿಸಿದರು. ಸಡಾ ಎಂದರೆ ಬೆಟ್ಟದ ನೆತ್ತಿಯ ಮೇಲಿನ ಚಪ್ಪಟೆಯಾದ ಜಂಬಿಟ್ಟಿಗೆ ಕಲ್ಲಿನ ಬಯಲು. ಮರದ ತುದಿಯಲ್ಲಿ ಕೂತಿದ್ದ ಕೆಂದಳಿಲನ್ನು ತೋರಿಸಿ, ಅದು ಮಹಾರಾಷ್ಟ್ರದ ರಾಜ್ಯಪ್ರಾಣಿ ಎಂದರು. ಗವಾದ ಹೆಜ್ಜೆ, ಸಗಣಿ, ಉಜ್ಜಿ ಹೋದ ಮರದ ತೊಗಟೆ ಎಲ್ಲ ಸಿಕ್ಕವು, ಗವಾ ಮಾತ್ರ ಸಿಗಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ರಸ್ತೆಯ ಬಲಕ್ಕೆ ಪೊದೆ ಅಲ್ಲಾಡಿತು. ಕಾಕಾ ಗಾಡಿ ನಿಲ್ಲಿಸಿ, ಕಿವಿಗೊಟ್ಟು, "ಹೆಣ್ಣು ಐತಿ, ಜೊತೆಗೆ ಕರು ಐತಿ" ಎಂದರು. ಐದು ನಿಮಿಷ ಕಾದು, ಗಾಡಿ ಹಿಂದಕ್ಕೆ ತಿರುಗಿಸಲು ಹೇಳಿದರು. ನಮ್ಮಲ್ಲೊಬ್ಬರು, "ಕಾಕಾ, ಇನ್ನೂರು ಜಾಸ್ತಿ ಕೊಡ್ತೇವ್ರಿ, ಸ್ವಲ್ಪ ಮುಂದ ಹೋಗೂಣು" ಎಂದರು. ಅವರು ತಲೆಯಾಡಿಸಿದರು, ಅಷ್ಟೇ.

ಗೇಟಿಗೆ ಮರಳಿ ಬಂದ ಮೇಲೆ ಜಗಳವಲ್ಲದ ಒಂದು ಜಗಳ ನಡೆಯಿತು. ಗವಾ ಕಾಣಲಿಲ್ಲ, ಹೀಗಿರುವಾಗ ಪೂರ್ತಿ ಹಣ ಯಾಕೆ ಎಂಬುದು ಕಾಲೇಜಿಗೆ ಹೋಗುವ ಒಬ್ಬ ಗೆಳೆಯನ ವಾದ. ಅವನ ಮಾತಿನಲ್ಲಿ ಜಿಪುಣತನ ಇರಲಿಲ್ಲ. ನಮ್ಮ ಜೊತೆ ಇಚಲಕರಂಜಿಯ ಪವರ್‌ಲೂಮಿನಲ್ಲಿ ದುಡಿಯುವ ಹುಡುಗನೊಬ್ಬ ಬಂದಿದ್ದ. ಅವನಿಗೆ ಆ ದಿನದ ಮಜೂರಿ ಖೋತಾ, ಮೇಲಿಂದ ಗಾಡಿಯ ಪಾಲು ಬೇರೆ. "ನಾವು ಮತ್ತೊಮ್ಮೆ ಬರಬಹುದು, ಇವನು ಬರ್ತಾನೇನು?" ಎಂಬುದು ಗೆಳೆಯನ ಪ್ರಶ್ನೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮತ್ತೆ ಮತ್ತೆ ಹೋಗಬಲ್ಲವರು 'ಕಾಣದಿರುವುದೂ ಒಂದು ಅನುಭವ' ಎಂದು ಹೇಳುವುದು ಸುಲಭ. ಒಂದೇ ಸಲ ಹೋಗಬಲ್ಲವನಿಗೆ ಆ ಮಾತು ಹೊಟ್ಟೆ ತುಂಬಿದವರ ಉಪದೇಶದಂತೆ ಕೇಳುತ್ತದೆ.

ಉತ್ತರ ಕೊಟ್ಟವನು ಆ ಹುಡುಗನೇ. ಮಗ್ಗದವರಿಗೆ ನೇಯ್ದ ಬಟ್ಟೆಯ ಲೆಕ್ಕದ ಮೇಲೆ ಮಜೂರಿ. "ಲೈಟ್ ಹೋದ್ರ ಮಗ್ಗ ನಿಂತೈತಿ. ನಾವು ಅಲ್ಲೇ ಕುಂತಿರ್ತೇವಿ, ಮನೀಗೂ ಹೋಗಂಗಿಲ್ಲ, ಪಗಾರೂ ಇಲ್ಲ. ಲೈಟ್ ಹೋಗಿದ್ದು ನಮ್ಮ ತಪ್ಪೇನು? ಗವಾ ಬರದಿದ್ದುದು ಕಾಕಾರ ತಪ್ಪೇನು?" ಎಂದ. ಪೂರ್ತಿ ಹಣ ಕೊಟ್ಟು ಬಂದೆವು.

ಈ ಮಾತಿನಿಂದ ಜಗಳ ಮುಗಿಯಿತು. ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಅಂದಿನಿಂದ ನಾವು ಅದನ್ನು ಸಭೆಗಳಲ್ಲಿ ಹಲವು ಸಲ ತಿರುವಿ ನೋಡಿದ್ದೇವೆ. ಒಬ್ಬರು ಹೀಗೆ ವಾದಿಸಿದರು: ನೇಕಾರನಿಂದ ನಾವು ಕೊಳ್ಳುವುದು ಬಟ್ಟೆ. ಬಟ್ಟೆಯೇ ಇಲ್ಲದಿದ್ದರೆ ಅಂಗಡಿಯಲ್ಲಿ ಯಾರಾದರೂ ಹಣ ಕೊಡುತ್ತಾರೆಯೇ? ಹಾಗೆಯೇ ಗೈಡ್‌ನಿಂದ ಕೊಳ್ಳುವುದು ಪ್ರಾಣಿಯ ದರ್ಶನ. ಅದು ಸಿಗದಿದ್ದರೆ ವ್ಯಾಪಾರ ಅರ್ಧಕ್ಕೆ ನಿಂತ ಹಾಗಲ್ಲವೇ?

ಈ ವಾದದಲ್ಲಿ ಒಂದು ತೊಡಕಿದೆ. ಬಟ್ಟೆ ಮಾರುವವನದು, ಗವಾ ಗೈಡ್‌ನದಲ್ಲ. ತನ್ನದಲ್ಲದ್ದನ್ನು ಅವನು ಮಾರಲಾರ, ನಾವೂ ಕೊಳ್ಳಲಾರೆವು. ನಮ್ಮ ವ್ಯಾಪಾರದಲ್ಲಿ ಗವಾ ಒಪ್ಪಿಗೆ ಕೊಟ್ಟಿಲ್ಲ, ಅದಕ್ಕೆ ಅದರಿಂದ ಒಂದು ಹಿಡಿ ಹುಲ್ಲಿನ ಲಾಭವೂ ಇಲ್ಲ. ನಾವು ನಿಜವಾಗಿ ಕೊಳ್ಳುವುದು ಒಬ್ಬ ಮನುಷ್ಯನ ಒಂದು ದಿನ, ಅವನು ವರ್ಷಗಟ್ಟಲೆ ನಡೆದು ಕಲಿತ ತಿಳಿವಳಿಕೆ ಮತ್ತು ನಮ್ಮನ್ನು ಸುರಕ್ಷಿತವಾಗಿ ಮರಳಿ ತರುವ ಅವನ ಹೊಣೆ. ಕಾಕಾ ಆ ದಿನ ಈ ಮೂರನ್ನೂ ಕೊಟ್ಟರು. ಕರುವಿರುವ ತಾಯಿಯ ಹತ್ತಿರ ಹೋಗಬಾರದೆಂಬ ತೀರ್ಮಾನ ಆ ತಿಳಿವಳಿಕೆಯ ಭಾಗವೇ ಆಗಿತ್ತು. ಹಣಕ್ಕೆ ತಕ್ಕ ಕೆಲಸ ನಿಜವಾಗಿ ನಡೆದದ್ದು ಅವರು ಗಾಡಿ ತಿರುಗಿಸಲು ಹೇಳಿದ ಆ ಗಳಿಗೆಯಲ್ಲಿಯೇ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ ಯೋಚಿಸೋಣ. ಪ್ರಾಣಿ ಕಂಡರೆ ಪೂರ್ತಿ ಹಣ, ಕಾಣದಿದ್ದರೆ ಅರ್ಧ ಎಂಬ ನಿಯಮವನ್ನು ಎಲ್ಲರೂ ಪಾಲಿಸಿದರೆ ಏನಾಗುತ್ತದೆ? ಪೊದೆಯೊಳಗೆ ಗಾಡಿ ನುಗ್ಗಿಸುವವನು, ತಿನಿಸು ಎಸೆದು ಪ್ರಾಣಿಯನ್ನು ರಸ್ತೆಗೆ ಕರೆಯುವವನು, ಫೋಟೊ ಚೆನ್ನಾಗಿ ಬರಲೆಂದು ಹಾವನ್ನು ಕೋಲಿನಿಂದ ಎತ್ತುವವನು ದುಡ್ಡು ಮಾಡುತ್ತಾನೆ. ಹಿಂದೆ ಸರಿಯುವವನು ಸಂಜೆ ಅರ್ಧ ಪಗಾರ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಎರಡು ವರ್ಷದಲ್ಲಿ ಪ್ರಾಮಾಣಿಕನು ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ಎಂಥ ಗೈಡ್‌ಗಳು ಕಾಡಿನಲ್ಲಿ ಉಳಿಯಬೇಕೆಂಬುದನ್ನು ನಾವು ಹಣ ಕೊಡುವ ರೀತಿಯಿಂದಲೇ ನಿರ್ಧರಿಸುತ್ತಿರುತ್ತೇವೆ. ಬಸ್ಸಿನಲ್ಲಿ ಐವತ್ತು ಕಣ್ಣುಗಳ ಎದುರು ಮಾಡಲು ನಾಚುವುದನ್ನು ಖಾಸಗಿ ಗಾಡಿಯಲ್ಲಿ ಮಾಡುವಂತೆ ಒತ್ತಾಯಿಸುವುದು ಸುಲಭ, ಯಾಕೆಂದರೆ ಅಲ್ಲಿ ನೋಡುವವರು ಯಾರೂ ಇರುವುದಿಲ್ಲ. 'ಪ್ರೈವೇಟ್' ಎಂಬ ಪದದ ಅಪಾಯ ಇಲ್ಲಿದೆ.

ನೋಡುವುದರಿಂದ ಏನು ಹಾನಿ, ಬೇಟೆಯಾಡುವುದಿಲ್ಲವಲ್ಲ ಎನ್ನಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಅರ್ಥವನ್ನು ಕೊಲ್ಲುವುದಕ್ಕಷ್ಟೇ ಸೀಮಿತ ಮಾಡಿಲ್ಲ. ಹಕ್ಕಿಯ ಅಥವಾ ಸರೀಸೃಪದ ಮೊಟ್ಟೆ, ಗೂಡುಗಳನ್ನು ಕದಡುವುದೂ ಅದರ ಪ್ರಕಾರ ಬೇಟೆಯೇ. ಇನ್ನೂ ಸ್ಪಷ್ಟವಾದ ಉದಾಹರಣೆ ಪುಣೆಯದ್ದು. 2020ರ ಡಿಸೆಂಬರ್‌ನಲ್ಲಿ ದಾರಿ ತಪ್ಪಿದ ಗವಾ ಒಂದು ಕೋಥ್ರೂಡ್ ಬಡಾವಣೆಗೆ ಬಂತು. ಅದನ್ನು ನೋಡಲು, ಮೊಬೈಲಿನಲ್ಲಿ ಹಿಡಿಯಲು ಜನ ಗುಂಪುಗೂಡಿದರು, ಅದರ ಹಿಂದೆ ಓಡಿದರು. ಹೆದರಿ ತಾಸುಗಟ್ಟಲೆ ಓಡಿದ ಪ್ರಾಣಿ, ಅರಿವಳಿಕೆ ಕೊಟ್ಟು ಹಿಡಿದ ಮೇಲೆ ಸತ್ತುಹೋಯಿತು. ಆ ಗುಂಪಿನಲ್ಲಿ ಯಾರ ಕೈಯಲ್ಲೂ ಬಂದೂಕು ಇರಲಿಲ್ಲ. ಇದ್ದದ್ದು ನೋಡುವ ಆಸೆ ಮಾತ್ರ.

ಹಾಗಾದರೆ ಯಾರೂ ಕಾಡಿಗೆ ಹೋಗಲೇಬಾರದೇ? ಹಾಗೆ ಹೇಳಲು ನಮಗೆ ಮನಸ್ಸಿಲ್ಲ. ಅದಕ್ಕೆ ಕಾರಣ ಈ ಕಾಡಿನ ಚರಿತ್ರೆಯಲ್ಲಿಯೇ ಇದೆ. ದಾಜೀಪುರದ ಕಾಡು ಒಂದು ಕಾಲಕ್ಕೆ ಕೊಲ್ಹಾಪುರ ಅರಸರ ಬೇಟೆಯ ಕಾಡು. ಪಳಗಿಸಿದ ಚೀತಾಗಳನ್ನು ಬಿಟ್ಟು ಜಿಂಕೆಗಳನ್ನು ಹಿಡಿಸುವ ಆಟಕ್ಕೂ ಈ ಸಂಸ್ಥಾನ ಹೆಸರಾಗಿತ್ತು. ಭಾರತದಲ್ಲಿ ಚೀತಾ ಸಂತತಿ ಅಳಿಯಿತೆಂದು ಸರ್ಕಾರ 1952ರಲ್ಲಿ ಘೋಷಿಸಿತು. 1958ರಲ್ಲಿ ದಾಜೀಪುರ ಗವಾಗಳ ಅಭಯಾರಣ್ಯವಾಯಿತು. ಅರಸನಿಗೆ ಮೀಸಲಾಗಿದ್ದ ಕಾಡು ಅಂದಿನಿಂದ ಎಲ್ಲರ ಕಾಡಾಯಿತು. ಆದರೆ ಇಂದು ಗಾಡಿ, ಗೈಡ್, ದಿನದ ರಜೆ ಎಲ್ಲವನ್ನೂ ಭರಿಸಬಲ್ಲವನಷ್ಟೇ ಒಳಗೆ ಹೋಗಬಲ್ಲನೆಂದರೆ, ಅರಸನ ಜಾಗಕ್ಕೆ ಹಣವಂತ ಬಂದು ಕೂತಂತಾಗುತ್ತದೆ. ಇಚಲಕರಂಜಿಯ ಹುಡುಗನ ಹಕ್ಕು ನಮ್ಮೆಲ್ಲರ ಹಕ್ಕಿನಷ್ಟೇ ದೊಡ್ಡದು. ಅವನಿಗೆ ಅನ್ಯಾಯವಾಗಿದ್ದು ನಿಜ. ಆ ಅನ್ಯಾಯವನ್ನು ಕಾಕಾರ ಪಗಾರ ಕಡಿದು ಸರಿಪಡಿಸುವುದು ಒಬ್ಬ ದಿನಗೂಲಿಯ ನಷ್ಟವನ್ನು ಇನ್ನೊಬ್ಬ ದಿನಗೂಲಿಯ ಜೇಬಿನಿಂದ ತುಂಬಿದಂತೆ. ಗವಾವನ್ನು ಅಟ್ಟಿಸಿ ಸರಿಪಡಿಸುವುದು ಮಾತೇ ಬಾರದ ಜೀವದಿಂದ ವಸೂಲಿ ಮಾಡಿದಂತೆ. ಸರಿಪಡಿಸಬೇಕಾದವರು ಅವನ ಜೊತೆಗೆ ಕೂತು ಬಂದವರು, ಅಂದರೆ ನಾವು. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಯಜಮಾನನು ಕಡೆಯಲ್ಲಿ ಬಂದವನಿಗೂ ಪೂರ್ತಿ ಕೂಲಿ ಕೊಟ್ಟದ್ದು ತನ್ನ ಕೈಯಿಂದ, ಇತರ ಆಳುಗಳ ಕೂಲಿಯಿಂದ ಕಡಿದಲ್ಲ.

ಅದಕ್ಕಾಗಿ ಮುಂದಿನ ಪ್ರವಾಸಕ್ಕೆ ನಮ್ಮ ಗುಂಪು ಕೆಲವು ಮಾತುಗಳನ್ನು ಮೊದಲೇ ಒಪ್ಪಿಕೊಂಡಿದೆ. ಗಾಡಿಯ ಪಾಲು ಎಲ್ಲರಿಗೂ ಒಂದೇ ಅಲ್ಲ. ನೌಕರಿಯಲ್ಲಿರುವವರು ಹೆಚ್ಚು ಕೊಡುವುದು, ಮಜೂರಿ ಕಳೆದುಕೊಂಡು ಬರುವವರು ಕೊಡದಿರುವುದು. ಯಾರು ಎಷ್ಟು ಕೊಟ್ಟರೆಂದು ಖಜಾಂಚಿಗೆ ಮಾತ್ರ ಗೊತ್ತಿರಬೇಕು. ಗೈಡ್‌ಗೆ ಹೊರಡುವ ಮೊದಲೇ ಪೂರ್ತಿ ಹಣ ಒಪ್ಪಿಸಿ, "ಪ್ರಾಣಿ ಕಾಣದಿದ್ದರೂ ಚಿಂತೆಯಿಲ್ಲ" ಎಂದು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ನಾವು ಹೇಳದಿದ್ದರೆ ಅದು ಅವರ ತಲೆಯ ಮೇಲಿನ ಭಾರವಾಗಿಯೇ ಉಳಿಯುತ್ತದೆ. ಅವರು ಬೇಡ ಎಂದರೆ ಬೇಡ. ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಅವರಿಗೂ ಚಾಲಕರಿಗೂ ಪಾಲು ಇರಬೇಕು. ಅವರ ಮರಾಠಿ ತಿಳಿಯದ ಕಿರಿಯರಿಗೆ ನಮ್ಮಲ್ಲೊಬ್ಬರು ಕನ್ನಡದಲ್ಲಿ ಹೇಳಬೇಕು. ಅಪರೂಪದ ಜೀವಿ ಕಂಡರೆ ಅದರ ಜಾಗವನ್ನು ಫೋನಿನಲ್ಲಿ ಹಂಚಬಾರದು.

ಕಡೆಯದಾಗಿ ಒಂದು ಸಂಗತಿ. ಗಡಹಿಂಗ್ಲಜದ ಪಕ್ಕದಲ್ಲಿ ಹರಿದು ಸಂಕೇಶ್ವರದ ಕಡೆಗೆ ಕರ್ನಾಟಕ ಸೇರುವ ಹಿರಣ್ಯಕೇಶಿ ನದಿ ಹುಟ್ಟುವುದು ಆಂಬೋಲಿಯ ಬೆಟ್ಟದಲ್ಲಿ. ಅಲ್ಲಿನ ಗುಡಿಯ ನೀರಿನಲ್ಲಿ ಬೆರಳುದ್ದವೂ ಇಲ್ಲದ ಒಂದು ಮೀನು ವಾಸಿಸುತ್ತದೆ. ತಲೆಮಾರುಗಳಿಂದ ಭಕ್ತರು ಬಂದು ಹೋಗುತ್ತಿದ್ದರೂ ಅದು ಹೊಸ ಪ್ರಭೇದವೆಂದು ಗುರುತಿಸಿ, ನದಿಯ ಹೆಸರನ್ನೇ ಸೇರಿಸಿ ವಿಜ್ಞಾನಿಗಳು ಹೆಸರಿಟ್ಟದ್ದು 2020ರಲ್ಲಿ. ಮರುವರ್ಷ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಮಹಾರಾಷ್ಟ್ರ ಸರ್ಕಾರ ಘೋಷಿಸಿತು. ಅದನ್ನು ನೋಡಲು ಜೀಪು ಬೇಕಿರಲಿಲ್ಲ, ಗ್ಯಾರಂಟಿ ಬೇಕಿರಲಿಲ್ಲ. ನೀರನ್ನು ಕದಡದೆ ಬಗ್ಗಿ ನೋಡುವ ತಾಳ್ಮೆ ಬೇಕಿತ್ತು. ಅಂಥ ತಾಳ್ಮೆ ಬಾಡಿಗೆಗೆ ಸಿಗುವುದಿಲ್ಲ, ಆದರೆ ಒಳ್ಳೆಯ ಗೈಡ್ ಒಬ್ಬರ ಜೊತೆ ಒಂದು ದಿನ ಕಳೆದರೆ ಅದನ್ನು ಕಲಿಯಬಹುದು.

ಮುಂದಿನ ತಿಂಗಳ ಯುವಸಭೆಯಲ್ಲಿ ಈ ವಿಷಯವನ್ನು ಮತ್ತೆ ಎತ್ತಿಕೊಳ್ಳುತ್ತೇವೆ. ಪಾಲು ಹಂಚುವ ರೀತಿ ಸರಿಯೇ, ಗೈಡ್ ಬೇಡ ಎಂದಾಗ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಯೋಚಿಸಿ ಬನ್ನಿ. ಹಿರಿಯರೂ ಬರಬೇಕು. ಕಾಡಿಗೆ ಬೆನ್ನು ಕೊಟ್ಟು ಗದ್ದೆ ಮಾಡಿದವರು, ಗವಾ ನುಗ್ಗಿ ಕಬ್ಬು ಕಳೆದುಕೊಂಡವರು ನಮ್ಮಲ್ಲೂ ಇರಬಹುದು. ಅವರ ಮಾತನ್ನು ಕೇಳದೆ ಈ ಚರ್ಚೆ ಪೂರ್ತಿಯಾಗದು.