ಇಂದಿನ ಧಮ್ಮ ಚಿಂತನೆ: ಡಿಫೆಕ್ಟ್ ಯಾರಲ್ಲಿದೆ?



ಕುಂದಲಹಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಸ್ಟರ್. ಡಿಫೆಕ್ಟ್ ಹುಡುಕುವುದೇ ನನ್ನ ಕೆಲಸ. ಎಲ್ಲಿ ತಪ್ಪಿದೆ, ಎಷ್ಟು ಗಂಭೀರ ಎಂದು ಬರೆಯುತ್ತೇನೆ. ಸರಿಪಡಿಸಿ ಕೊಟ್ಟ ಮೇಲೆ ಮತ್ತೆ ಪರೀಕ್ಷಿಸಿ 'ಕ್ಲೋಸ್ಡ್' ಎಂದು ಹಾಕುತ್ತೇನೆ.

ಕಳೆದ ವಾರ ಹೊಸದಾಗಿ ಸೇರಿದ ಹುಡುಗ ಒಂದೇ ತಪ್ಪನ್ನು ಮೂರನೇ ಸಲ ಮಾಡಿದ. ಮೀಟಿಂಗ್‌ನಲ್ಲಿ ಎಲ್ಲರೆದುರೇ ಅಂದುಬಿಟ್ಟೆ: "ಕೋಡಲ್ಲಿ ಏನಿಲ್ಲ ಕಣೋ, ಡಿಫೆಕ್ಟ್ ಇರೋದು ನಿನ್ನಲ್ಲೇ." ಎಲ್ಲರೂ ನಕ್ಕರು. ಅವನು ತಲೆ ತಗ್ಗಿಸಿದ. ಹಾಗೆ ತಲೆ ತಗ್ಗಿಸುವುದನ್ನು ನಾನು ಚಿಕ್ಕಂದಿನಲ್ಲೇ ಕಂಡಿದ್ದೆ. ಊರಿನ ಹೋಟೆಲ್ಲಿನ ಹೊರಗೆ, ಬೇರೆ ಲೋಟ ಹಿಡಿದು ನಮ್ಮಪ್ಪ ನಿಲ್ಲುತ್ತಿದ್ದುದು ಹಾಗೆಯೇ.

ಆ ರಾತ್ರಿ ಪದದ ಮೂಲ ಹುಡುಕಿದೆ. ಡಿಫೆಕ್ಟ್ ಬಂದದ್ದು ಲ್ಯಾಟಿನ್ ಭಾಷೆಯ 'ಡೆಫಿಕೆರೆ'ಯಿಂದ. ಕಡಿಮೆ ಬೀಳು, ಕೈಬಿಡು ಎಂದು ಅರ್ಥ. ಪಕ್ಷಾಂತರಕ್ಕೆ ಹೇಳುವ 'ಡಿಫೆಕ್ಷನ್' ಕೂಡ ಅದೇ ಬೇರಿನದು. ಓದಿ ನಾಚಿಕೆಯಾಯಿತು. ಅಂದು ಅಪ್ಪನ ಪಕ್ಷ ಬಿಟ್ಟು ಹೋಟೆಲ್ಲಿನವನ ಪಕ್ಷ ಸೇರಿದವನು ನಾನೇ.

ಸಂಸ್ಕೃತದಲ್ಲಿ ದೋಷ ಬೇರೆ, ದ್ವೇಷ ಬೇರೆ. ಪಾಲಿಯಲ್ಲಿ ಎರಡಕ್ಕೂ 'ದೋಸ' ಎಂಬ ಒಂದೇ ಪದ. ಲೋಭ, ದೋಸ, ಮೋಹ ಎನ್ನುವಾಗ ಅದು ದ್ವೇಷ.

ವಸಲ ಸುತ್ತ ನೆನಪಾಯಿತು. ಸಾವತ್ಥಿಯಲ್ಲಿ ಭಿಕ್ಷೆಗೆ ಬಂದ ಭಗವಾನ್ ಬುದ್ಧರನ್ನು ಅಗ್ಗಿಕ ಭಾರದ್ವಾಜನೆಂಬ ಬ್ರಾಹ್ಮಣ 'ವಸಲ', ಅಂದರೆ ಹೀನನೇ, ಎಂದು ಕರೆದು ಅಲ್ಲೇ ನಿಲ್ಲಿಸಿದ. ಬುದ್ಧರು ಸಿಟ್ಟಾಗಲಿಲ್ಲ. ವಸಲನಾಗುವುದು ಯಾವುದರಿಂದ ಎಂದು ಒಂದೊಂದಾಗಿ ಹೇಳಿದರು. ಮೊದಲು ಹೇಳಿದ್ದೇ ಕೋಪಿಷ್ಠನನ್ನು, ಹಗೆ ಇಟ್ಟುಕೊಳ್ಳುವವನನ್ನು. ಹುಟ್ಟಿನಿಂದ ಯಾರೂ ವಸಲರಲ್ಲ, ನಡತೆಯಿಂದ ಎಂದರು.

ಜಾತಿ ದೋಷವನ್ನು ಹುಟ್ಟಿಗೇ ಅಂಟಿಸುತ್ತದೆ. ಆ ದೋಷ ಎಂದಿಗೂ 'ಕ್ಲೋಸ್' ಆಗುವುದಿಲ್ಲ. ಧಮ್ಮ ಅದನ್ನು ಮನಸ್ಸಿನಲ್ಲಿ, ನಡತೆಯಲ್ಲಿ ತೋರಿಸುತ್ತದೆ. ಅಲ್ಲಾದರೆ ತಿದ್ದಬಹುದು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ನಮ್ಮನ್ನು ಕರೆತಂದದ್ದು ಈ ದಾರಿಗೆ. ಎಲ್ಲ ಮನುಷ್ಯರೂ ಸಮಾನರು ಎಂದು 22 ಪ್ರತಿಜ್ಞೆಗಳಲ್ಲಿ ನಾನೂ ಹೇಳಿದ್ದೇನೆ.

ಸೋಮವಾರ ಎಲ್ಲರೆದುರೇ ಅವನಲ್ಲಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಎಂದ. ಆದರೂ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ. ನನ್ನ ಡಿಫೆಕ್ಟ್ ಇನ್ನೂ ಕ್ಲೋಸ್ ಆಗಿಲ್ಲ.

ಇಂದು ಮನೆಯಲ್ಲೋ ಕೆಲಸದಲ್ಲೋ ಯಾರನ್ನಾದರೂ ಗದರುವ ಮುನ್ನ ಒಂದು ಕ್ಷಣ ಕೇಳಿಕೊಳ್ಳೋಣ: ನಾನು ತೋರಿಸುತ್ತಿರುವುದು ಅವರ ಕೆಲಸದ ದೋಷವನ್ನೋ, ನನ್ನೊಳಗಿನ ದೋಸವನ್ನೋ?

ಜೈಭೀಮ್. ಎಲ್ಲರಿಗೂ ಮಂಗಳವಾಗಲಿ.