ಇಂದಿನ ಧಮ್ಮ ಚಿಂತನೆ: ಮೆಟ್ಟಿಲಿಲ್ಲದ ಗೋಪುರ



ಬೆಂಗಳೂರಿನ ಎಂ.ಜಿ. ರಸ್ತೆಯ 25 ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಕಟ್ಟಡವನ್ನು ಮೊದಲ ಸಲ ಕಂಡಾಗ ಕತ್ತೆತ್ತಿ ನಿಂತುಬಿಟ್ಟಿದ್ದೆ. ಈಗ ಅದನ್ನೂ ಮೀರಿದವು ಎದ್ದಿವೆ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯಿಂದ ಗಾರೆ ಕೆಲಸಕ್ಕೆ ಹೋದ ನಮ್ಮವರೂ ಅಂಥವಕ್ಕೆ ಇಟ್ಟಿಗೆ ಹೊತ್ತಿದ್ದಾರೆ. ಊರಿಗೆ ಬಂದರೆ ಅದೇ ಕೈಗೆ ಲೋಟ ಬೇರೆ.

1920ರಲ್ಲಿ ‘ಮೂಕನಾಯಕ’ದ ಮೊದಲ ಸಂಚಿಕೆಯಲ್ಲೇ ಬಾಬಾಸಾಹೇಬರು ಹಿಂದೂ ಸಮಾಜವನ್ನು ಮೆಟ್ಟಿಲಿಲ್ಲದ ಬಹುಮಹಡಿ ಗೋಪುರಕ್ಕೆ ಹೋಲಿಸಿದರು. ಅಲ್ಲಿ ಹುಟ್ಟಿದ ಮಹಡಿಯಲ್ಲೇ ಸಾಯಬೇಕು. ಭಗವಾನ್ ಬುದ್ಧರು ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಕೊಟ್ಟರು. ರಾಜಕುಮಾರರೇ ಉಪಾಲಿಗೆ ತಲೆಬಾಗಿದರು.

ನನ್ನನ್ನೇ ಕೇಳಿಕೊಳ್ಳುತ್ತೇನೆ: ಓದಿ, ನೌಕರಿ ಹಿಡಿದು ಮೇಲೆ ಬಂದ ನಾನು ಕೇರಿಯ ಮಕ್ಕಳಿಗೆ ಮೆಟ್ಟಿಲಾದೆನೋ, ಬಾಗಿಲು ಹಾಕಿಕೊಂಡೆನೋ?

ಭವತು ಸಬ್ಬ ಮಂಗಲಂ. 🙏